ರೋಲರ್ ಪೆನ್ನಿಗೆ ಇಂಕ್ ಪೆನ್ನಿನ ಶಾಯಿ ತುಂಬಬಹುದೇ?

ಪ್ರಶ್ನೆ: ನಾನು ಪುತ್ತೂರಿನಲ್ಲಿ ಪಿಯು ಕಾಲೇಜಿನ ಉಪನ್ಯಾಸಕಿ. ಅಣ್ಣ ಜರ್ಮನಿಯಿಂದ ಬರುವಾಗ ಕಾರ್ಟ್ರಿಜ್ (ಇಂಕು ತುಂಬಿದ ಪುಟ್ಟ ಪ್ಲಾಸ್ಟಿಕ್ ಕೊಳವೆ) ಹಾಕುವ ರೋಲರ್ ಪೆನ್ನೊಂದನ್ನು ತಂದುಕೊಟ್ಟ. ತುಂಬಾ ಚೆನ್ನಾಗಿ ಬರೆಯುತ್ತದೆ. ಆದರೆ ಅದರ ಕಾರ್ಟ್ರಿಜ್ ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತಿಲ್ಲ. ಮನೆಯಲ್ಲಿ ಕ್ಯಾಮ್ಲಿನ್ ರಾಯಲ್ ಬ್ಲೂ ಇಂಕಿನ ಬಾಟಲಿ ಇದೆ. ಅಪ್ಪನ ಕಾಲದ ಚೆಲ್‌ಪಾರ್ಕ್ ಬಾಟಲಿಯೂ ಇದೆ. ಇವನ್ನು ತುಂಬಿದರೆ ಪೆನ್ನು ಹಾಳಾಗುತ್ತದಾ? ಮಗಳ ಖಾಲಿ ಪೈಲಟ್ ವಿ5 ಮತ್ತು ಜೆಲ್ ಪೆನ್ನುಗಳಿಗೂ ಹೀಗೇ ತುಂಬಬಹುದಾ? ಮತ್ತೊಂದು ವಿಷಯ. ಬೆಂಗಳೂರಿಗೆ ಹೋಗುವಾಗ ಘಟ್ಟ ಹತ್ತಿದ ಮೇಲೆ ನೋಡಿದರೆ ಪೆನ್ನಿನ ಮುಚ್ಚಳದಲ್ಲಿ ಇಂಕು ಸೋರಿರುತ್ತದೆ. ಯಾಕೆ?

ಉತ್ತರ: ಮೇಡಂ, ನಿಮ್ಮ ಜರ್ಮನ್ ಪೆನ್ನಿಗೆ ಕ್ಯಾಮ್ಲಿನ್ ರಾಯಲ್ ಬ್ಲೂ ಧೈರ್ಯವಾಗಿ ತುಂಬಿ, ಪೆನ್ನು ಹಾಳಾಗುವುದಿಲ್ಲ, ತುದಿ ಮಾತ್ರ ತುಸು ಬೇಗ ಸವೆಯುತ್ತದೆ. ವಿ5ಗೂ ತುಂಬಬಹುದು, ಆದರೆ ಅದರಲ್ಲಿ ಎರಡು ಬಗೆ ಇದೆ. ಜೆಲ್ ಪೆನ್ನಿಗೆ ಮಾತ್ರ ಬೇಡವೇ ಬೇಡ. ಚೆಲ್‌ಪಾರ್ಕ್ ಬಾಟಲಿಯ ವಿಷಯ ಆಮೇಲೆ ಹೇಳುತ್ತೇನೆ, ಸದ್ಯಕ್ಕೆ ಅದರ ಮುಚ್ಚಳ ತೆಗೆಯಬೇಡಿ.

ಈ ಪ್ರಶ್ನೆ ಕೇಳುವವರೆಲ್ಲ "ಯಾವ ಇಂಕು ಒಳ್ಳೆಯದು?" ಎಂದೇ ಶುರು ಮಾಡುತ್ತಾರೆ. ನಾನು ಮೊದಲು ಪೆನ್ನು ಬಿಚ್ಚಿ ನೋಡಲು ಹೇಳುತ್ತೇನೆ. ತೆಳು ಇಂಕನ್ನು ಹಿಡಿದು ನಿಲ್ಲಿಸುವ ಏರ್ಪಾಡು ಪೆನ್ನಿನ ಒಳಗಿದೆಯಾ ಇಲ್ಲವಾ? ಇದ್ದರೆ ಇಂಕಿನ ಆಯ್ಕೆ ಸುಲಭ. ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಇಂಕು ಹಾಕಿದರೂ ಜೇಬಿಗೇ ಇಳಿಯುತ್ತದೆ.

ತುದಿಯಲ್ಲಿ ಗುಂಡು ಇರುವ ಪೆನ್ನುಗಳೆಲ್ಲ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಒಳಗಿನ ಇಂಕು ಮಾತ್ರ ಪೂರ್ತಿ ಬೇರೆ. ಹಂಗೆರಿಯ ಲಾಸ್ಲೊ ಬಿರೊ 1938ರಲ್ಲಿ ಪೇಟೆಂಟ್ ಪಡೆದ ಬಾಲ್ ಪೆನ್ನಿಗೆ ಗಟ್ಟಿಯಾದ, ಅಂಟಿನಂಥ ಇಂಕು ಬೇಕಿತ್ತು. ಇಂದಿನ ಬಾಲ್ ಪೆನ್ನಿನ ಇಂಕೂ ಎಣ್ಣೆಯ ಜಾತಿಯದು. ನೀರಿಗಿಂತ ಸಾವಿರಾರು ಪಟ್ಟು ಮಂದ. ಅಷ್ಟು ಮಂದ ಇರುವುದರಿಂದಲೇ ಕಡ್ಡಿಯ ಹಿಂಬದಿ ತೆರೆದೇ ಇದ್ದರೂ ಅದು ಸೋರುವುದಿಲ್ಲ. ಅದರ ಕಷ್ಟ ಏನೆಂದರೆ ಒತ್ತಿ ಬರೆಯಬೇಕು. ದಿನಗಟ್ಟಲೆ ಉತ್ತರ ಪತ್ರಿಕೆ ತಿದ್ದುವವರಿಗೆ ಬೆರಳು ನೋವು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

1960ರ ದಶಕದಲ್ಲಿ ಜಪಾನಿನವರು ಅದೇ ಗುಂಡಿನ ಹಿಂದೆ ನೀರಿನ ಇಂಕನ್ನು ಇಟ್ಟರು. ರೋಲರ್‌ಬಾಲ್ ಹುಟ್ಟಿದ್ದು ಹೀಗೆ. ಇಂಕು ತಾನಾಗಿ ಇಳಿಯುತ್ತದೆ, ಕೈ ಒತ್ತಬೇಕಿಲ್ಲ. ಆಮೇಲೆ ಬಂದದ್ದು ಜೆಲ್. ಸಕುರ ಕಂಪನಿ 1984ರಲ್ಲಿ ಅದನ್ನು ತಂದಿತು. ಜೆಲ್ ಇಂಕು ಸುಮ್ಮನಿದ್ದಾಗ ಗಟ್ಟಿ. ಗುಂಡು ಉರುಳಿ ಉಜ್ಜಿದಾಗ ಮಾತ್ರ ತೆಳುವಾಗಿ ಕಾಗದಕ್ಕೆ ಇಳಿಯುತ್ತದೆ. ಬರೆಯುವುದು ನಿಲ್ಲಿಸಿದರೆ ಮತ್ತೆ ಗಟ್ಟಿ.

ಇಂಕ್ ಪೆನ್ನಿನ ಶಾಯಿಗೆ ಈ ಗುಣಗಳು ಯಾವುದೂ ಇಲ್ಲ. ಹೆಚ್ಚುಕಡಿಮೆ ನೀರಿನಷ್ಟೇ ತೆಳು ಅದು. ಇಂಕ್ ಪೆನ್ನಿನ ನಿಬ್ಬಿನ ಕೆಳಗೆ ಕಪ್ಪು ನಾಲಿಗೆ ಇರುತ್ತದೆ, ನೋಡಿರುತ್ತೀರಿ. ಅದರ ಮೈಮೇಲೆ ಒತ್ತೊತ್ತಾಗಿ ಸಣ್ಣ ಸಣ್ಣ ಸೀಳುಗಳಿರುತ್ತವೆ. ಅವು ಅಲಂಕಾರಕ್ಕಲ್ಲ. ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಇಂಕನ್ನು ಮುಂದಕ್ಕೆ ತಳ್ಳುತ್ತದೆ. ಹಾಗೆ ಹೆಚ್ಚಾಗಿ ಬಂದ ಇಂಕು ಆ ಸೀಳುಗಳಲ್ಲಿ ತುಂಬಿ ನಿಲ್ಲುತ್ತದೆ, ಹನಿಯಾಗಿ ಕೆಳಗೆ ಬೀಳುವುದಿಲ್ಲ. ರೋಲರ್ ಪೆನ್ನಿಗೆ ತೆಳು ಇಂಕು ಹಾಕಬೇಕಾದರೆ ಇಂಥದ್ದೇ ಒಂದು ನಾಲಿಗೆಯಾದರೂ ಇರಬೇಕು, ಇಲ್ಲವೇ ಇಂಕು ಹೀರಿ ಹಿಡಿಯುವ ನಾರಿನ ಬತ್ತಿಯಾದರೂ ಇರಬೇಕು. ಎರಡೂ ಇದ್ದರೆ ಇನ್ನೂ ಒಳ್ಳೆಯದು.

ನಿಮ್ಮ ಪೆನ್ನಿನಲ್ಲಿ ಆ ಏರ್ಪಾಡು ಇದೆ. ಜರ್ಮನಿಯಲ್ಲಿ ಶಾಲೆ ಮಕ್ಕಳಿಗೆಂದೇ ಇಂಥ ಪೆನ್ನು ಮಾಡುತ್ತಾರೆ. ಸ್ಟಬಿಲೊ, ಶ್ನೈಡರ್ ಎಲ್ಲ ಈ ಬಗೆಯವನ್ನು ಮಾರುತ್ತವೆ. ಒಳಗೆ ಹಾಕುವುದು ಇಂಕ್ ಪೆನ್ನಿನ ರಾಯಲ್ ಬ್ಲೂ ಶಾಯಿಯನ್ನೇ. ಅಲ್ಲಿ ಮಕ್ಕಳು ತಪ್ಪು ಬರೆದರೆ ಒಂದು ಅಳಿಸುವ ಪೆನ್ನಿನಿಂದ ಗೀಚಿ ನೀಲಿಯನ್ನು ಮಾಯ ಮಾಡುತ್ತಾರೆ. ಫ್ರಾನ್ಸಿನ ಜೆ. ಹರ್ಬಿನ್ (J. Herbin) ಕಂಪನಿಯ ಪಾರದರ್ಶಕ ರೋಲರ್ ಮತ್ತು ಮಾಂಟೆವರ್ಡೆಯ ಇಂಕ್‌ಬಾಲ್ ಪೆನ್ನು ಕೂಡ ಇದೇ ಜಾತಿ. ಮುಂದೆ ಗುಂಡು, ಹಿಂದೆ ಪೂರ್ತಿ ಇಂಕ್ ಪೆನ್ನು.

ಪೆನ್ನಿನ ಹಿಂಭಾಗ ತಿರುಗಿಸಿ ಕಾರ್ಟ್ರಿಜ್ ತೆಗೆದು ನೋಡಿ. ಗಿಡ್ಡ, ಬಾಯಿ ಕಿರಿದು, ಹೆಬ್ಬೆರಳಿಗಿಂತ ತುಸು ಚಿಕ್ಕದಾಗಿದ್ದರೆ ಅದು ಬಹುಪಾಲು ಯುರೋಪಿನ ಪೆನ್ನುಗಳಿಗೆ ಹೊಂದುವ ಇಂಟರ್‌ನ್ಯಾಷನಲ್ ಅಳತೆಯದು. ಸುಮಾರು 0.8 ಮಿಲಿ ಹಿಡಿಯುತ್ತದೆ. ಅದೇ ಖಾಲಿ ಕಾರ್ಟ್ರಿಜ್ ಅನ್ನು ಎಸೆಯದೆ ಮತ್ತೆ ಮತ್ತೆ ತುಂಬಬಹುದು. ಲೆಕ್ಕ ಹಾಕಿ: 60 ಮಿಲಿಯ ಒಂದು ಬಾಟಲಿಯಿಂದ 75 ಸಲ ತುಂಬುತ್ತದೆ. ಪೆನ್ನಿನ ಹಿಂಭಾಗದಲ್ಲಿ ಜಾಗ ಇದ್ದರೆ ಇದೇ ಅಳತೆಯ ಕನ್ವರ್ಟರ್ (ತಿರುಗಿಸಿ ಬಾಟಲಿಯಿಂದ ಇಂಕು ಎಳೆದುಕೊಳ್ಳುವ, ಮತ್ತೆ ಮತ್ತೆ ತುಂಬುವ ಕೊಳವೆ) ಕೂಡ ಕೂರುತ್ತದೆ. ಆದರೆ ರೋಲರ್ ತುದಿಯನ್ನು ಬಾಟಲಿಗೆ ಅದ್ದಿ ಕನ್ವರ್ಟರ್ ತಿರುಗಿಸಿದರೆ ಇಂಕು ಸರಿಯಾಗಿ ಮೇಲೆ ಬರುವುದಿಲ್ಲ. ಗುಂಡಿನ ಸುತ್ತ ಇರುವ ಸಂದು ಅಷ್ಟು ಸಣ್ಣದು. ಕನ್ವರ್ಟರನ್ನು ಬಿಚ್ಚಿ, ಅದನ್ನೇ ಬಾಟಲಿಗೆ ಅದ್ದಿ ತುಂಬಿಸಿ, ಆಮೇಲೆ ಪೆನ್ನಿಗೆ ಸೇರಿಸಿ.

ಕಾರ್ಟ್ರಿಜ್ ತುಂಬುವುದಕ್ಕೆ ಮೆಡಿಕಲ್ ಶಾಪಿನ 2 ಮಿಲಿ ಸಿರಿಂಜ್ ಸಾಕು. ಸೂಜಿಯ ಮೊನೆಯನ್ನು ಕತ್ತರಿಸಿ, ಅರದಿಂದ ಉಜ್ಜಿ ಮೊಂಡು ಮಾಡಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮರೆಯಲೇಬಾರದು. ಕಾರ್ಟ್ರಿಜ್‌ನ ತಳದವರೆಗೆ ಸೂಜಿ ಇಳಿಸಿ, ನಿಧಾನವಾಗಿ ಇಂಕು ಬಿಡುತ್ತಾ ಮೇಲೆ ಬನ್ನಿ. ಮೇಲಿನಿಂದ ಸುರಿದರೆ ಬಾಯಿಯಲ್ಲಿ ಗಾಳಿಗುಳ್ಳೆ ಸಿಕ್ಕಿಹಾಕಿಕೊಂಡು ಇಂಕು ಉಕ್ಕುತ್ತದೆ. ತುಂಬಿದ ಮೇಲೆ ಪೆನ್ನನ್ನು ಮುಚ್ಚಳ ಹಾಕಿ, ತುದಿ ಕೆಳಗೆ ಮಾಡಿ ಒಂದು ಲೋಟದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಬತ್ತಿ ನೆನೆಯಬೇಕು. ತಕ್ಷಣ ಬರೆಯುತ್ತಿಲ್ಲ ಅಂತ ಕೊಡವಬೇಡಿ. ಕೊಡವಿದರೆ ನಾಲಿಗೆಯ ಸೀಳುಗಳೆಲ್ಲ ಇಂಕಿನಿಂದ ತುಂಬಿಬಿಡುತ್ತವೆ. ಆಮೇಲೆ ಹೆಚ್ಚಾದ ಇಂಕು ನಿಲ್ಲಲು ಜಾಗವೇ ಇರುವುದಿಲ್ಲ.

ವಿ5 ವಿಷಯ. ಲಕ್ಸರ್‌ನವರು ನಮ್ಮಲ್ಲಿ ಮಾರಿದ ಪೈಲಟ್ ವಿ5, ವಿ7 ಪೆನ್ನುಗಳನ್ನು ಪರೀಕ್ಷೆಗೆ ಕೂತವರು ಯಾರೂ ಮರೆಯುವುದಿಲ್ಲ. ಅದರ ಪಾರದರ್ಶಕ ಕಂಠದೊಳಗೆ ಬಾಚಣಿಗೆಯ ಹಲ್ಲಿನ ಥರ ಕಾಣುತ್ತದಲ್ಲ, ಅದೇ ನಾನು ಹೇಳಿದ ಸೀಳುಗಳು. ಅಂದರೆ ತೆಳು ಇಂಕು ಹಿಡಿಯುವ ಏರ್ಪಾಡು ಅದರಲ್ಲೂ ಇದೆ. ಆದರೆ ಸಾದಾ ವಿ5 ಮತ್ತೆ ತುಂಬಲೆಂದು ಮಾಡಿದ ಪೆನ್ನಲ್ಲ. ಇಕ್ಕಳದಿಂದ ಲೋಹದ ತುದಿಯನ್ನು ಎಳೆದು, ಸಿರಿಂಜಿನಿಂದ ಇಂಕು ಬಿಟ್ಟು, ಮತ್ತೆ ತುದಿ ಒತ್ತಿ ಕೂರಿಸುವವರಿದ್ದಾರೆ. ಬರೆಯುತ್ತದೆ, ಸುಳ್ಳಲ್ಲ. ಆದರೆ ಎಳೆದು ಕೂರಿಸಿದಷ್ಟೂ ತುದಿ ಸಡಿಲವಾಗುತ್ತದೆ, ಒಂದು ದಿನ ಶಾಲೆ ಬ್ಯಾಗಿನಲ್ಲಿ ಕೈ ಕೊಡುತ್ತದೆ. ಇದರ ಬದಲು ಕಾರ್ಟ್ರಿಜ್ ಹಾಕುವ ವಿ5, ವಿ7 ಇವೆ. ಮಗಳಿಗೆ ಅದನ್ನು ಕೊಡಿಸಿ. ಕಾರ್ಟ್ರಿಜ್ ಪೈಲಟ್‌ನದೇ ಅಳತೆ, ಬೇರೆಯದು ಕೂರುವುದಿಲ್ಲ. ಆದರೆ ಖಾಲಿಯಾದದ್ದನ್ನು ತೊಳೆದು ಇದೇ ರೀತಿ ಸಿರಿಂಜಿನಿಂದ ತುಂಬಬಹುದು. ಖಾಲಿ ಪೆನ್ನುಗಳ ರಾಶಿ ಕಸಕ್ಕೆ ಹೋಗುವುದನ್ನು ನೋಡಿ ಸಂಕಟಪಡುವವರಿಗೆ ನಾನು ಕೊಡುವ ಮೊದಲ ಸಲಹೆ ಇದೇ.

ಜೆಲ್ ಪೆನ್ನಿನ ಕಡ್ಡಿಯಲ್ಲಿ ನಾಲಿಗೆಯೂ ಇಲ್ಲ, ಬತ್ತಿಯೂ ಇಲ್ಲ. ಒಂದು ನೇರ ಕೊಳವೆ, ಮುಂದೆ ಗುಂಡು, ಹಿಂದೆ ಗ್ರೀಸಿನಂಥ ಒಂದು ಬಿರಡೆ. ಜೆಲ್ ತಾನೇ ಗಟ್ಟಿ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಕಡ್ಡಿ ಅದು. ಅಲ್ಲಿ ಶಾಯಿ ಹಾಕಿದರೆ ಗುಂಡಿನ ಸಂದಿನಿಂದ ಸುಮ್ನೆ ಇಳಿದು ಹೋಗುತ್ತದೆ. ಬಾಲ್ ಪೆನ್ನಿನ ಕಡ್ಡಿಗೂ ಇದೇ ಮಾತು.

ಇನ್ನು ಇಂಕು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ರೋಲರ್ ಪೆನ್ನು ಸಾಯುವುದು ಬಹುತೇಕ ಇಲ್ಲೇ.

ಗುಂಡು ಒಂದು ಲೋಹದ ಗೂಡಿನಲ್ಲಿ ಕೂತಿರುತ್ತದೆ. ಸಾಮಾನ್ಯವಾಗಿ ಅದು ಟಂಗ್‌ಸ್ಟನ್ ಕಾರ್ಬೈಡ್, ಬಹಳ ಗಟ್ಟಿ ವಸ್ತು. ಗೂಡು ಅದಕ್ಕಿಂತ ಮೆದು. 0.7 ಮಿ.ಮೀ. ಗುಂಡಿನ ಸುತ್ತಳತೆ ಸುಮಾರು 2.2 ಮಿ.ಮೀ. ಅಂದರೆ ಒಂದು ಮೀಟರ್ ಉದ್ದದ ಗೆರೆ ಎಳೆಯಲು ಅದು 450ಕ್ಕೂ ಹೆಚ್ಚು ಸಲ ಸುತ್ತಬೇಕು. ಒಂದು ಪುಟದ ಬರಹದಲ್ಲಿ ಎಷ್ಟು ಮೀಟರ್ ಗೆರೆ ಇರುತ್ತದೆ ಅಂತ ಯೋಚಿಸಿ. ಅಷ್ಟು ಸಲವೂ ಗುಂಡು ಗೂಡಿನ ಗೋಡೆಗೆ ಉಜ್ಜುತ್ತದೆ. ನಡುವೆ ಇರುವುದು ಇಂಕು ಮಾತ್ರ. ಅದಕ್ಕೇ ರೋಲರ್ ಪೆನ್ನಿಗೆಂದೇ ಮಾಡುವ ಇಂಕಿನಲ್ಲಿ ಬಣ್ಣದ ಜೊತೆಗೆ ಜಾರುವಿಕೆ ಕೊಡುವ ವಸ್ತು, ತುಕ್ಕು ತಡೆಯುವ ವಸ್ತು, ತುದಿ ಬೇಗ ಒಣಗದಂತೆ ಗ್ಲೈಕಾಲ್‌ನಂಥದ್ದು ಎಲ್ಲ ಸೇರಿಸಿರುತ್ತಾರೆ. ಇಂಕ್ ಪೆನ್ನಿನ ಶಾಯಿಯನ್ನು ನಿಬ್ಬಿಗೆ ಅಂತ ಮಾಡಿರುವುದು. ಉರುಳುವ ಗುಂಡಿನ ಚಿಂತೆ ಅದಕ್ಕಿಲ್ಲ.

ಹಾಗಾಗಿ ಶಾಯಿ ತುಂಬಿದ ರೋಲರ್‌ನ ತುದಿ ತುಸು ಬೇಗ ಸವೆಯುತ್ತದೆ. ಇದನ್ನು ಒಪ್ಪಿಕೊಂಡೇ ಶುರು ಮಾಡಿ. ಕೆಲವು ಜರ್ಮನ್ ಶಾಲಾ ಪೆನ್ನುಗಳಲ್ಲಿ ಹೊಸ ಕಾರ್ಟ್ರಿಜ್ ಜೊತೆ ಹೊಸ ತುದಿಯನ್ನೂ ಕೊಡುವುದು ಇದೇ ಕಾರಣಕ್ಕೆ. ನಿಮ್ಮ ಪೆನ್ನೂ ಅಂಥದ್ದಾಗಿದ್ದರೆ ಅಣ್ಣ ಮುಂದಿನ ಸಲ ಬರುವಾಗ ಒಂದೆರಡು ಪ್ಯಾಕೆಟ್ ತರಲು ಹೇಳಿ. ಇಂಕಿಗೆ ಬಾಟಲಿ, ತುದಿಗೆ ಪ್ಯಾಕೆಟ್.

ತುದಿ ಉಳಿಯಬೇಕಾದರೆ ಸರಳವಾದ, ನೀರಿನಲ್ಲಿ ಕರಗುವ ಬಣ್ಣದ ಇಂಕನ್ನು ಮಾತ್ರ ಹಾಕಿ. ಕ್ಯಾಮ್ಲಿನ್ ರಾಯಲ್ ಬ್ಲೂ, ಪೆಲಿಕಾನ್ 4001 ರಾಯಲ್ ಬ್ಲೂ, ವಾಟರ್‌ಮನ್ ನೀಲಿ, ಪಾರ್ಕರ್ ಕ್ವಿಂಕ್ ಇವೆಲ್ಲ ಸರಿ. ಬಣ್ಣಬಣ್ಣದ ಆಸೆ ಇದ್ದರೆ ಪೈಲಟ್‌ನ ಇರೋಶಿಜುಕು ಇದೆ. ಬೆಲೆ ಜಾಸ್ತಿ, ಆದರೆ ಹರಿವು ಬಲು ಸಲೀಸು. ನೀಲಿಯೇ ಆಗಬೇಕೆಂದಿಲ್ಲ. ಕಂದು, ಹಸಿರು, ನೇರಳೆ ಯಾವುದಾದರೂ ಆಗುತ್ತದೆ. ಬಣ್ಣ ತೀರಾ ಗಾಢವಾಗಿ, ಒಣಗಿದ ಮೇಲೆ ಮೇಲ್ಮೈಯಲ್ಲಿ ಕೆಂಪು ಅಥವಾ ತಾಮ್ರದ ಹೊಳಪು ಕೊಡುವ ಇಂಕುಗಳಿವೆಯಲ್ಲ, ಅವು ಮಾತ್ರ ಬೇಡ. ಅವುಗಳಲ್ಲಿ ಬಣ್ಣದ ಪ್ರಮಾಣ ಬಹಳ ಹೆಚ್ಚು. ತುದಿಯಲ್ಲಿ ಬೇಗ ಹೆಪ್ಪು ಕಟ್ಟುತ್ತವೆ.

ಮಿನುಗುವ ಚೂರುಗಳಿರುವ ಇಂಕು, ಜಪಾನಿನ ಪ್ಲಾಟಿನಂ ಕಂಪನಿಯ ಕಾರ್ಬನ್‌ನಂಥ ಪುಡಿಬಣ್ಣದ ಇಂಕು ಎರಡೂ ರೋಲರ್‌ಗೆ ಆಗದು. ನಿಬ್ಬಾದರೆ ಬಿಚ್ಚಿ ತೊಳೆಯಬಹುದು. ಗುಂಡನ್ನು ಗೂಡಿನಿಂದ ತೆಗೆದು ತೊಳೆಯುವ ದಾರಿಯೇ ಇಲ್ಲ. ಒಮ್ಮೆ ಸಂದಿನಲ್ಲಿ ಕಣ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಕಬ್ಬಿಣದ ಉಪ್ಪು ಮತ್ತು ಒಗರು ಸೇರಿಸಿ ಮಾಡುವ, ಒಣಗುತ್ತಾ ಕಪ್ಪಾಗುವ ಇಂಕೂ ಬೇಡ. ನಮ್ಮ ಹಿರಿಯರು ಅಳಲೆಕಾಯಿ, ಅನ್ನಭೇದಿ ಹಾಕಿ ಕಾಯಿಸುತ್ತಿದ್ದ ಶಾಯಿಯ ಬಗೆ ಅದು. ಕಾಗದದ ಮೇಲೆ ಗಟ್ಟಿಯಾಗಿ ಉಳಿಯುತ್ತದೆ, ನಿಜ. ಆದರೆ ಅದು ಹುಳಿ ಗುಣದ್ದು, ಗೂಡಿನ ಲೋಹವನ್ನು ತಿನ್ನುತ್ತದೆ. ಇಂದಿನ ಕೆಲವು ಬ್ಲೂ-ಬ್ಲ್ಯಾಕ್ ಇಂಕುಗಳು ಈಗಲೂ ಹೀಗೇ ತಯಾರಾಗುತ್ತವೆ, ಪ್ಲಾಟಿನಂನ ಬ್ಲೂ-ಬ್ಲ್ಯಾಕ್ ಅದರಲ್ಲೊಂದು. ಲೇಬಲ್ ಓದಿ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳುತ್ತೇನೆ. ಸ್ಟೇಷನರಿ ಅಂಗಡಿಯಲ್ಲಿ ಚಿತ್ರ ಬಿಡಿಸುವ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕು ಪುಟ್ಟ ಬಾಟಲಿಯಲ್ಲಿ ಪೆನ್ನಿನ ಇಂಕಿನ ಪಕ್ಕದಲ್ಲೇ ಇರುತ್ತದೆ. ಅದನ್ನು ಯಾವ ಪೆನ್ನಿಗೂ ತುಂಬಬಾರದು. ಒಣಗಿದರೆ ಮತ್ತೆ ಕರಗುವುದಿಲ್ಲ. ಸ್ಟ್ಯಾಂಪ್ ಪ್ಯಾಡಿನ ಇಂಕು, ಪ್ರಿಂಟರ್ ಇಂಕು ಕೂಡ ಬೇಡ. ಜಾರಲಿ ಅಂತ ಇಂಕಿಗೆ ಗ್ಲಿಸರಿನ್ ಬೆರೆಸುವವರೂ ಇದ್ದಾರೆ. ಹದ ಸ್ವಲ್ಪ ತಪ್ಪಿದರೂ ಬರೆದದ್ದು ಒಣಗುವುದೇ ಇಲ್ಲ, ಅಂಗೈಗೆಲ್ಲ ಮೆತ್ತಿಕೊಳ್ಳುತ್ತದೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಈಗ ಅಪ್ಪನ ಚೆಲ್‌ಪಾರ್ಕ್. ಬಾಟಲಿಯನ್ನು ಅಲುಗಿಸದೆ ಬೆಳಕಿಗೆ ಹಿಡಿಯಿರಿ. ತಳದಲ್ಲಿ ಗಸಿ ಇದೆಯಾ? ಮೇಲೆ ಪೊರೆಯೋ ದಾರದಂಥ ಎಳೆಗಳೋ ತೇಲುತ್ತಿವೆಯಾ? ಆಮೇಲೆ ಮುಚ್ಚಳ ತೆಗೆದು ಮೂಸಿ. ಔಷಧಿಯಂಥ ವಾಸನೆ ಇದ್ದರೆ ಹೆದರಬೇಡಿ, ಹಳೆಯ ಇಂಕುಗಳಿಗೆ ಕೆಡದಂತೆ ಫೀನಾಲ್ ಹಾಕುತ್ತಿದ್ದರು. ಮುಗ್ಗಲು ವಾಸನೆ ಬಂದರೆ ಬೂಸ್ಟು ಹಿಡಿದಿದೆ ಎಂದರ್ಥ. ಒಂದು ಕಡ್ಡಿಯನ್ನು ಅದ್ದಿ ಬಿಳಿ ಕಾಗದದ ಮೇಲೆ ಎಳೆಯಿರಿ. ಗೆರೆ ನುಣ್ಣಗೆ ಬಂದರೆ ಸರಿ, ತರಿ ತರಿಯಾಗಿ ಬಂದರೆ ಬೇಡ. ಎಲ್ಲ ಪರೀಕ್ಷೆಯಲ್ಲಿ ಪಾಸಾದರೂ ನನ್ನ ಸಲಹೆ, ಅದನ್ನು ನಿಬ್ಬಿನ ಪೆನ್ನಿಗೆ ಹಾಕಿ ಬರೆಯಿರಿ. ಅಪ್ಪ ಬಳಸುತ್ತಿದ್ದದ್ದೂ ಹಾಗೇ ಅಲ್ವಾ? ಬೂಸ್ಟು ಬಂದಿದ್ದರೆ ಆ ಬಾಟಲಿಗೆ ಅದ್ದಿದ ಸಿರಿಂಜನ್ನು ಇನ್ನೊಂದು ಬಾಟಲಿಗೆ ಅದ್ದಲೇಬೇಡಿ. ಬೂಸ್ಟು ಅದಕ್ಕೂ ಅಂಟುತ್ತದೆ.

ಬಣ್ಣ ಬದಲಿಸುವಾಗ ಮೊದಲಿನ ಇಂಕು ಪೂರ್ತಿ ಹೋಗುವಂತೆ ತೊಳೆಯಿರಿ. ಬೇರೆ ಬೇರೆ ಕಂಪನಿಯ ಇಂಕು ಬೆರೆತರೆ ಕೆಲವೊಮ್ಮೆ ಗಸಿ ಕಟ್ಟುತ್ತದೆ. ಕಾರ್ಟ್ರಿಜ್ ತೆಗೆದು, ಪೆನ್ನಿನ ಹಿಂಬಾಯಿಯಿಂದ ಸಿರಿಂಜಿನಲ್ಲಿ ನೀರು ಮೆಲ್ಲಗೆ ಒತ್ತಿ. ಬಿಸಿನೀರು ಬೇಡ, ಸ್ಪಿರಿಟ್ ಅಂತೂ ಬೇಡವೇ ಬೇಡ, ಪ್ಲಾಸ್ಟಿಕ್ ಬಿರುಕು ಬಿಡಬಹುದು. ನಿಮ್ಮ ಮನೆಯದು ಬೋರ್‌ವೆಲ್‌ನ ಗಡಸು ನೀರಾಗಿದ್ದರೆ ಅದನ್ನೂ ಬಳಸಬೇಡಿ. ಪಾತ್ರೆಯಲ್ಲಿ ಬಿಳಿ ಕಟ್ಟುವ ಸುಣ್ಣ ಇಲ್ಲೂ ಸಂದಿನಲ್ಲಿ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟುಕೊಂಡರೆ ಬಹಳ ಕಾಲ ಬರುತ್ತದೆ. ಬತ್ತಿ ಇರುವ ಪೆನ್ನು ಪೂರ್ತಿ ಶುದ್ಧವಾಗುವುದು ಕಷ್ಟ. ಒಂದು ಪೆನ್ನಿಗೆ ಒಂದೇ ಬಣ್ಣ ಅಂತ ಇಟ್ಟುಕೊಳ್ಳುವುದೇ ವಾಸಿ.

ಬರೆಯುತ್ತಾ ತುದಿ ನಿಂತರೆ ಉಗುರು ಬೆಚ್ಚಗಿನ ನೀರಲ್ಲಿ ತುದಿಯನ್ನು ಮಾತ್ರ ಕೆಲವು ನಿಮಿಷ ಅದ್ದಿ, ಒದ್ದೆ ಬಟ್ಟೆಯ ಮೇಲೆ ಮೆಲ್ಲಗೆ ಉರುಳಿಸಿ. ಮುಚ್ಚಳ ತೆಗೆದಿಟ್ಟು ಪಾಠ ಮಾಡಲು ಎದ್ದು ಹೋಗುವ ಅಭ್ಯಾಸ ಇದ್ದರೆ ಬಿಡಬೇಕು. ರೋಲರ್ ತುದಿಗೆ ಒಣಗುವುದಕ್ಕಿಂತ ದೊಡ್ಡ ಶತ್ರು ಇಲ್ಲ. ರಜೆಯಲ್ಲಿ ಎರಡು ತಿಂಗಳು ಬಳಸುವುದಿಲ್ಲ ಎಂದಾದರೆ ಇಂಕು ಖಾಲಿ ಮಾಡಿ, ತೊಳೆದು, ಒಣಗಿಸಿ ಇಡಿ.

ಕಾಗದದ ಬಗ್ಗೆ ಎರಡು ಮಾತು. ಶಾಯಿ ತುಂಬಿದ ರೋಲರ್ ಗೆರೆಯನ್ನು ಹಸಿಯಾಗಿ ಬಿಡುತ್ತದೆ. ತೆಳು ನೋಟ್‌ಬುಕ್ಕಿನಲ್ಲಿ ಅಕ್ಷರ ಹರಡಿ, ಹಿಂಬದಿಗೂ ಮೂಡುತ್ತದೆ. 0.5 ತುದಿ ಇದ್ದರೆ ತೊಂದರೆ ಕಡಿಮೆ. ರಾಯಲ್ ಬ್ಲೂಗೆ ನೀರು ಬಿದ್ದರೆ ಅಕ್ಷರ ಮಾಯ. ಪುತ್ತೂರಿನ ಮಳೆಗಾಲದಲ್ಲಿ ಇದನ್ನು ನೆನಪಿಡಿ. ಅಂಕಪಟ್ಟಿ, ಹಾಜರಿ ಪುಸ್ತಕ, ಚೆಕ್ಕುಗಳಿಗೆ ಬಾಲ್ ಪೆನ್ನನ್ನೇ ಬಳಸಿ. ಅಳಿಯದ ಇಂಕು ಬೇಕು ಅಂತ ಈ ಪೆನ್ನಿಗೆ ಪುಡಿಬಣ್ಣದ ಇಂಕು ತುಂಬಲು ಹೋಗಬೇಡಿ.

ಕೊನೆಗೆ ನಿಮ್ಮ ಘಟ್ಟದ ಪ್ರಶ್ನೆ. ಪುತ್ತೂರು ಸಮುದ್ರಮಟ್ಟದಿಂದ 100 ಮೀಟರ್ ಒಳಗೇ ಇದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಶಿರಾಡಿ ಘಾಟಿ ಹತ್ತಿದಾಗ ಹೊರಗಿನ ಗಾಳಿಯ ಒತ್ತಡ ಹತ್ತಿರ ಹತ್ತಿರ ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಕಾರ್ಟ್ರಿಜ್ ಒಳಗಿನ ಗಾಳಿ ಅಷ್ಟೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಅರ್ಧ ಖಾಲಿಯಾದ ಕಾರ್ಟ್ರಿಜ್‌ನಲ್ಲಿ 0.4 ಮಿಲಿ ಗಾಳಿ ಇದ್ದರೆ 0.04 ಮಿಲಿ ಇಂಕು ಹೊರಗೆ ತಳ್ಳಲ್ಪಡುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಹನಿ. ನಾಲಿಗೆಯ ಸೀಳುಗಳು ಖಾಲಿ ಇದ್ದರೆ ಅದನ್ನು ಹಿಡಿದುಕೊಳ್ಳುತ್ತವೆ. ಬಸ್ಸಿನ ಕುಲುಕಾಟ, ಬಿಸಿಲು, ತುದಿ ಕೆಳಗಾಗಿ ಬ್ಯಾಗಿನ ತಳದಲ್ಲಿ ಬಿದ್ದಿರುವ ಪೆನ್ನು ಎಲ್ಲ ಸೇರಿದರೆ ಹನಿ ಮುಚ್ಚಳಕ್ಕೆ ಇಳಿಯುತ್ತದೆ. ವಿಮಾನದಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ಒಳಗಿನ ಒತ್ತಡ ಸುಮಾರು 2,000 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ ಇರುತ್ತದೆ.

ಪೆನ್ನಲ್ಲಿ ಗಾಳಿ ಕಡಿಮೆ ಇದ್ದಷ್ಟೂ ಹಿಗ್ಗುವುದೂ ಕಡಿಮೆ. ಹೊರಡುವ ಮುಂಚೆ ಕಾರ್ಟ್ರಿಜ್ ಬಾಯಿವರೆಗೆ ತುಂಬಿಕೊಳ್ಳಿ, ಇಲ್ಲವೇ ಖಾಲಿ ಪೆನ್ನು ಒಯ್ಯಿರಿ. ಅರ್ಧ ತುಂಬಿದ್ದನ್ನು ಒಯ್ಯಬೇಡಿ. ತುದಿ ಮೇಲೆ ಇರುವಂತೆ ನೆಟ್ಟಗೆ ಸಿಕ್ಕಿಸಿ. ಆಗ ಹಿಗ್ಗಿದ ಗಾಳಿ ತುದಿಯ ಕಡೆಯಿಂದ ಆಚೆ ಹೋಗುತ್ತದೆ, ಇಂಕು ಕೆಳಗೇ ಉಳಿಯುತ್ತದೆ. ಸಕಲೇಶಪುರದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಒಮ್ಮೆ ತುದಿ ಮೇಲೆ ಮಾಡಿಕೊಂಡೇ ಮುಚ್ಚಳ ತೆಗೆದು, ಕಂಠವನ್ನು ಟಿಶ್ಯೂವಿನಿಂದ ಒರೆಸಿಬಿಡಿ.